ಎಂಜಿನ್ನಿಗೂ ಗೇರಿಗೂ ನಡುವೆ ವೈನಿ ಕೂಡಿಸಿದ ಪ್ಲೇಟು

ಅಪ್ಪನ ಅಂಬಾಸಿಡರ್ ಕಾರು ಮನೆಗೆ ಬಂದಾಗ ನಾನಿನ್ನೂ ಶಾಲೆಗೆ ಹೋಗುತ್ತಿರಲಿಲ್ಲ. ಅದು ಬಾಡಿಗೆಯ ಗಾಡಿ, ಹಾನಗಲ್ಲಿನ ಬಸ್‌ಸ್ಟ್ಯಾಂಡಿನ ಎದುರು ನಿಲ್ಲುತ್ತಿತ್ತು. ಶಿಗ್ಗಾವಿಗೆ ಮದುಮಗಳನ್ನು ಕರೆದೊಯ್ಯುವುದು, ಹಿರೇಕೆರೂರಿನಿಂದ ರೋಗಿಗಳನ್ನು ಹುಬ್ಬಳ್ಳಿಯ ದವಾಖಾನೆಗೆ ಮುಟ್ಟಿಸುವುದು, ಸವಣೂರಿನ ವೀಳ್ಯದೆಲೆ ವ್ಯಾಪಾರಿಗಳನ್ನು ಅವರ ಬುಟ್ಟಿಗಳ ಸಮೇತ ಸಂತೆಯಿಂದ ಸಂತೆಗೆ ತಿರುಗಿಸುವುದು, ಇದೇ ಅಪ್ಪನ ಕೆಲಸ. ಬಾಡಿಗೆ ಇಲ್ಲದ ಹೊತ್ತಿನಲ್ಲಿ ನನ್ನನ್ನು ಮುಂದಿನ ಸೀಟಿನಲ್ಲಿ ಕೂಡಿಸಿಕೊಂಡು ಒಂದು ಸುತ್ತು ಹೊಡೆಯುತ್ತಿದ್ದ. ಆ ಕಾರಿನ ಗೇರಿನ ಹಿಡಿಕೆ ನೆಲದ ಮೇಲಿರಲಿಲ್ಲ. ಸ್ಟೇರಿಂಗಿನ ಕೆಳಗೆ, ಎಡಕ್ಕೆ, ನನ್ನ ಕೈಗೆ ಎಟುಕುವಂತಿತ್ತು. ಅಪ್ಪ ಕ್ಲಚ್ ಒತ್ತಿ "ಹೂಂ" ಅಂದರೆ ನಾನು ಹಿಡಿಕೆ ಎಳೆಯಬೇಕು. ಅಕ್ಷರ ಕಲಿಯುವ ಮೊದಲೇ, ಎಂಜಿನ್ನಿನ ಸದ್ದು ಕೇಳಿ ಯಾವ ಗೇರು ಬೇಕು ಅಂತ ಹೇಳುವುದು ನನಗೆ ಬಂದುಬಿಟ್ಟಿತ್ತು.

ಆದರೆ ಕ್ಲಚ್ ಒತ್ತುವ ಕಾಲು ನನ್ನದಾಗಿರಲಿಲ್ಲ. ಕೂಸಿದ್ದಾಗಲೇ ಪೋಲಿಯೊ ಬಂದು ಎಡಗಾಲು ಸೋತುಹೋಗಿತ್ತು. ಕಬ್ಬಿಣದ ಪಟ್ಟಿಯ ಆಸರೆ ಕಟ್ಟಿಕೊಂಡು ನಡೆಯುತ್ತೇನೆ. ಓದಿದೆ, ನೌಕರಿ ಹಿಡಿದೆ. ಈಗ ಹಾನಗಲ್ಲಿನ ಹತ್ತಿರದ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಹಿಂದೆ ಎರಡು ಗಾಲಿ ಹೆಚ್ಚಿಗೆ ಕೂಡಿಸಿದ ಸ್ಕೂಟಿಯ ಮೇಲೆ ಶಾಲೆಗೆ ಹೋಗಿಬಂದು ಮಾಡುತ್ತಿದ್ದೆ. ಅದರ ಬಗ್ಗೆ ನನಗೆ ದೂರೇನೂ ಇರಲಿಲ್ಲ. ಆದರೂ ರಸ್ತೆಯಲ್ಲಿ ಹಳೇ ಅಂಬಾಸಿಡರ್ ಎದುರಾದರೆ ಅದು ಮರೆಯಾಗುವ ತನಕ ಕನ್ನಡಿಯಲ್ಲಿ ನೋಡುತ್ತಿದ್ದೆ.

ಅಪ್ಪನ ಕಣ್ಣು ಮಂಜಾದ ಮೇಲೆ ಬಾಡಿಗೆ ಬಿಟ್ಟ. ಅವ್ವ ತೀರಿಕೊಂಡ ನಂತರ ಕಾರಿನ ಸಮೇತ ಶಿಗ್ಗಾವಿಗೆ, ಅಣ್ಣನ ಮನೆಗೆ ಹೋದ. ಅಣ್ಣನದು ಲೇಥ್ ವರ್ಕ್‌ಶಾಪು. ಪಂಪಿನ ಶಾಫ್ಟು, ಟ್ರ್ಯಾಕ್ಟರಿನ ಸಾಮಾನು, ಮುರಿದ ನೇಗಿಲ ಕೊಂಡಿ, ಎಲ್ಲ ಅಲ್ಲಿಗೆ ಬರುತ್ತವೆ. ಅಲ್ಲಿ ಅಣ್ಣನಷ್ಟೇ, ಕೆಲವೊಮ್ಮೆ ಅವನಿಗಿಂತ ಹೆಚ್ಚು, ಕೆಲಸ ಮಾಡುವವಳು ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ.

ವೈನಿಯ ತವರು ಮಾಸೂರು. ಮದಗದ ಕೆರೆಯ ನೀರು ಹರಿಯುವ ಗದ್ದೆಯ ಮನೆತನ. ಅವಳಿಗೆ ಗದ್ದೆಗಿಂತ ಗದ್ದೆಯ ಪಂಪಿನ ಮೇಲೆ ಆಸೆ. ಹಟ ಹಿಡಿದು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದಳು. ಮದುವೆಯಾಗಿ ಬಂದ ಹೊಸತರಲ್ಲಿ ಸವಣೂರಿನ ಖಾರದ, ಅಂದರೆ ಕರಿದ ಸೇವಿನ, ವ್ಯಾಪಾರಿಯೊಬ್ಬರು ಖಾರ ಒತ್ತುವ ಯಂತ್ರದ ಹಿತ್ತಾಳೆ ಬಿಲ್ಲೆ ಹಿಡಿದುಕೊಂಡು ವರ್ಕ್‌ಶಾಪಿಗೆ ಬಂದಿದ್ದರು. ಎಲ್ಲಿ ಮಾಡಿಸಿದರೂ ಹಿಟ್ಟು ತೂತಿನಲ್ಲಿ ಸಿಕ್ಕು ನಿಲ್ಲುತ್ತದೆ ಅನ್ನುವುದು ಅವರ ಸಂಕಟ. ಅಣ್ಣ ಅಳತೆ ತೆಗೆಯಲು ಕುಳಿತರೆ ವೈನಿ ಬಸ್ ಹತ್ತಿ ಸವಣೂರಿಗೆ ಹೋದಳು. ಮಧ್ಯಾಹ್ನವೆಲ್ಲ ಕಾದ ಎಣ್ಣೆಯ ಕಡಾಯಿಯ ಪಕ್ಕ ನಿಂತು ಹಿಟ್ಟು ಹೇಗೆ ಇಳಿಯುತ್ತದೆ ಅಂತ ನೋಡಿ ಬಂದಳು. ಹಿಂದಿನಿಂದ ಅಗಲವಾಗಿ, ಮುಂದೆ ಬರುಬರುತ್ತ ಕಿರಿದಾಗುವ ತೂತುಗಳ ಬಿಲ್ಲೆ ಮಾಡಿಕೊಟ್ಟಳು. ಇವತ್ತಿಗೂ ಸವಣೂರಿನ ಎಷ್ಟೋ ಖಾರದ ಅಂಗಡಿಗಳಲ್ಲಿ ಅವಳ ಬಿಲ್ಲೆಗಳೇ ಇವೆ. ಅವಳ ರೀತಿಯೇ ಅದು. ಕೆಟ್ಟ ಸಾಮಾನು ಕೈಗೆ ಬಂದರೆ ಮೊದಲು ಅದು ಕೆಲಸ ಮಾಡುವ ಜಾಗಕ್ಕೆ ಹೋಗಿ ನಿಲ್ಲುತ್ತಾಳೆ.

ಈಚಿನ ಒಂದು ಬೇಸಿಗೆಯ ಸೂಟಿಯಲ್ಲಿ ನಾನು ಶಿಗ್ಗಾವಿಯಲ್ಲಿದ್ದೆ. ಅಪ್ಪ ವಾರಕ್ಕೊಮ್ಮೆ ಕಾರು ಚಾಲೂ ಮಾಡಿ, ಅಣ್ಣನ ಕೈಯಲ್ಲಿ ಓಣಿಯ ತುದಿಯವರೆಗೆ ಓಡಿಸಿ ತರಿಸುತ್ತಿದ್ದ. ಅದರ ಎರಡನೇ ಗೇರು ಬಹಳ ವರ್ಷಗಳಿಂದ ತಾನಾಗಿಯೇ ಜಿಗಿದು ಹೊರಗೆ ಬರುತ್ತಿತ್ತು. ಈಗ ನಿಲ್ಲುವುದೇ ಇಲ್ಲ ಅನ್ನುವ ಹಂತಕ್ಕೆ ಬಂದಿತ್ತು. ಗೇರಿನ ಪೆಟ್ಟಿಗೆ ಇಳಿಸಿ ರಿಪೇರಿ ಮಾಡಬೇಕು ಅಂತ ಅಣ್ಣ ಅಂದ. ವೈನಿ ಕಾರಿನ ಸುತ್ತ ಒಮ್ಮೆ ಬಂದು, ಕಟ್ಟೆಯ ಮೇಲೆ ಕುಳಿತಿದ್ದ ನನ್ನ ಎದುರು ನಿಂತಳು.

"ತಂಗೀ, ನಿನ್ನ ಬಲಗಾಲಾಗ ಎಷ್ಟು ಶಕ್ತಿ ಐತಿ?"

ಜೀವನದಲ್ಲಿ ಎಲ್ಲರೂ ನನ್ನ ಎಡಗಾಲಿನ ಬಗ್ಗೆಯೇ ಕೇಳಿದ್ದರು. ಡಾಕ್ಟರು, ನೆಂಟರು, ಸಂದರ್ಶನ ಮಾಡಿದವರು, ಬಸ್ಸಿನಲ್ಲಿ ಪಕ್ಕ ಕುಳಿತವರು. ಬಲಗಾಲನ್ನು ಯಾರೂ ವಿಚಾರಿಸಿರಲಿಲ್ಲ. ಗಟ್ಟಿ ಐತಿ, ಎರಡೂ ಕಾಲಿನ ಕೆಲಸ ಅದೇ ಮಾಡತೈತಿ ಅಂದೆ. ಹಂಗಾದರೆ ಕ್ಲಚ್ಚೇ ಇಲ್ಲದ ಗೇರು ಕೂಡಿಸೋಣ, ಇಳಿಸೋದಂತೂ ಇಳಿಸತೇವಿ, ಮತ್ತ ಅದನ್ನೇ ಯಾಕ ಏರಿಸಬೇಕು ಅಂದಳು. ಆಟೊಮ್ಯಾಟಿಕ್ ಗೇರಿಗೆ ಬಲಗಾಲೊಂದೇ ಸಾಕು.

ಅಣ್ಣ ನಕ್ಕ. ಹೊಸಾ ಆಟೊಮ್ಯಾಟಿಕ್ ಕಾರು ಪೇಟೆಯಲ್ಲಿ ಬೇಕಾದಷ್ಟು ಸಿಗುತ್ತವಲ್ಲ ಅಂದ. ಮುಂದೆ ಇದೇ ಮಾತನ್ನು ಬಹಳ ಮಂದಿ ನನಗೆ ಹೇಳಿದರು. ಅವರು ಹೇಳಿದ್ದು ಸರಿಯೇ. ಆದರೆ ನನಗೆ ಬೇಕಾದದ್ದು ಆ ಕಾರು. ಅದನ್ನು ನಾನು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ; ವೈನಿಗೆ ಹೇಗೋ ಗೊತ್ತಿತ್ತು.

ಅಪ್ಪ ಮಾತ್ರ ನಗಲಿಲ್ಲ. "ಗಾಡಿ ಕೊಯ್ಯಾಕ ನಾ ಬಿಡಂಗಿಲ್ಲ. ನಾ ಇರೋತನಕ ಅದಕ್ಕ ಒಂದು ತೂತು ಬೀಳಬಾರದು," ಅಂದ.

"ಒಂದು ತೂತೂ ಹಾಕಂಗಿಲ್ರಿ ಮಾವಾರ," ಅಂದಳು ವೈನಿ. "ಬ್ಯಾಡ ಅಂದ ದಿನ ಹಳೇ ಗೇರು ಇದ್ದಂಗ ಕೂಡಿಸಿ ಕೊಡ್ತೇನಿ."

ಅಪ್ಪ ಒಪ್ಪಿದ ಅನ್ನಲಾರೆ. ಎದ್ದು ಒಳಗೆ ಹೋದ, ಮುಂದೆ ಬಹಳ ದಿನ ವರ್ಕ್‌ಶಾಪಿನ ಕಡೆ ತಿರುಗಿ ನೋಡಲಿಲ್ಲ.

ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ನನ್ನಂಥವರ ಸಲುವಾಗಿ ಗಾಡಿ ಬದಲಿಸಲು ಬೇಕಾದ ಅಪ್ಪಣೆ ತೆಗೆದುಕೊಂಡೆವು. ಹುಬ್ಬಳ್ಳಿಯ ಗುಜರಿಯಲ್ಲಿ ಹೊರದೇಶದ ಹಳೇ ಕಾರೊಂದರ ಆಟೊಮ್ಯಾಟಿಕ್ ಗೇರಿನ ಪೆಟ್ಟಿಗೆ ಸಿಕ್ಕಿತು. ವೈನಿ ಹುಡುಕುತ್ತಿದ್ದದ್ದು ಅಂಥದ್ದನ್ನೇ: ಕಂಪ್ಯೂಟರಿನ ತಂತಿಗಳಿಲ್ಲದ, ಬರೀ ಎಣ್ಣೆಯ ಒತ್ತಡದ ಮೇಲೆ ನಡೆಯುವ, ಕಾರಿನ ಹೊಟ್ಟೆಯಲ್ಲಿ ಏನನ್ನೂ ಕೊಯ್ಯದೆ ಹಿಡಿಸುವ ಪೆಟ್ಟಿಗೆ. ಅಲ್ಲಿಯೇ ಅದರ ಕೆಲಸ ಬಲ್ಲ ಮಿಸ್ತ್ರಿಯ ಕೈಯಲ್ಲಿ ಬಿಚ್ಚಿಸಿ, ಸವೆದದ್ದನ್ನು ಬದಲಿಸಿ ತಂದಳು.

ಆದರೆ ಅಂಬಾಸಿಡರಿನ ಎಂಜಿನ್ನಿಗೂ ಈ ಪೆಟ್ಟಿಗೆಗೂ ಯಾವ ಸಂಬಂಧವೂ ಇರಲಿಲ್ಲ. ಎಂಜಿನ್ನಿನ ಬೆನ್ನಿನಲ್ಲಿ ಬೋಲ್ಟುಗಳ ಸಾಲು ಒಂದು ತರಹ, ಪೆಟ್ಟಿಗೆಯ ಬಾಯಿಯಲ್ಲಿ ಇನ್ನೊಂದು ತರಹ. ಎರಡನ್ನೂ ಕೂಡಿಸಲು ನಡುವೆ ದಪ್ಪನೆಯ ಅಲ್ಯೂಮಿನಿಯಂ ಪ್ಲೇಟು ಬೇಕು. ಅದರ ಒಂದು ಮೈ ಎಂಜಿನ್ನಿಗೆ, ಇನ್ನೊಂದು ಮೈ ಪೆಟ್ಟಿಗೆಗೆ. ಅಡಾಪ್ಟರ್ ಪ್ಲೇಟು ಅಂತಾರೆ. ಕೇಳಲು ಸರಳ. ನನಗೂ ಹಾಗೆಯೇ ಅನಿಸಿತ್ತು, ಎರಡು ಚಿತ್ರ ಒಂದರ ಮೇಲೊಂದು ಇಟ್ಟು ತೂತು ಕೊರೆದರೆ ಮುಗಿಯಿತು ಅಂತ. ವೈನಿ ಕೂಡಿಸಿಕೊಂಡು ತಿಳಿಸಿದಳು. ಎಂಜಿನ್ನಿನ ತಿರುಗುವ ಶಾಫ್ಟು ಮತ್ತು ಗೇರಿನ ಶಾಫ್ಟು ಒಂದೇ ಗೆರೆಯ ಮೇಲೆ ತಿರುಗಬೇಕು. ಕೂದಲೆಳೆಯಷ್ಟು ಸರಿದರೂ ಮೊದಲು ನಡುಕ, ಆಮೇಲೆ ಎಣ್ಣೆ ಸೋರುವುದು, ಕೊನೆಗೆ ಪೆಟ್ಟಿಗೆಯೇ ಒಡೆಯುವುದು. ಪ್ಲೇಟಿನ ದಪ್ಪವೂ ಅಷ್ಟೇ. ಈ ಗೇರಿನಲ್ಲಿ ಕ್ಲಚ್ಚಿನ ಬದಲು ಎಣ್ಣೆ ತುಂಬಿದ, ದೊಡ್ಡ ಬೋಗುಣಿಯಂಥ ಡಬ್ಬಿ ಇರುತ್ತದೆ. ಪ್ಲೇಟು ತೆಳ್ಳಗಾದರೆ ಎಂಜಿನ್ನು ಆ ಡಬ್ಬಿಯನ್ನು ಒಳಗೆ ಒತ್ತಿ ಪಂಪನ್ನು ಪುಡಿ ಮಾಡುತ್ತದೆ. ದಪ್ಪವಾದರೆ ಡಬ್ಬಿ ಹಿಡಿತ ಬಿಟ್ಟು ಹೊರಗೆ ಬರುತ್ತದೆ.

ಮೊದಲು ರಟ್ಟಿನಲ್ಲಿ ಮಾಡಿದಳು. ಎಂಜಿನ್ನಿನ ಬೆನ್ನಿಗೆ ಎಣ್ಣೆ ಸವರಿ, ರಟ್ಟು ಒತ್ತಿ, ಅಚ್ಚು ಎತ್ತಿದಳು. ಆಮೇಲೆ ಪ್ಲೈವುಡ್ಡಿನಲ್ಲಿ ಕೊಯ್ದು ನಿಜವಾಗಿಯೂ ಕೂಡಿಸಿ ನೋಡಿದಳು. ಸ್ಟಾರ್ಟರ್ ಮೋಟಾರಿಗೆ ಅಡ್ಡ ಬಂತು. ಅದಕ್ಕೊಂದು ಕಿಂಡಿ ಬಿಟ್ಟಳು. ಅಂಬಾಸಿಡರಿನ ಎಂಜಿನ್ನಿಗೆ ಮೊದಲಿದ್ದ, ಸ್ಟಾರ್ಟರ್ ಕಚ್ಚಿ ತಿರುಗಿಸುವ ಹಲ್ಲಿನ ಬಳೆಯನ್ನೇ ಹೊಸ ತಗಡಿನ ಚಕ್ರಕ್ಕೆ ಏರಿಸಿ, ಸ್ಟಾರ್ಟರ್ ತನ್ನ ಹಳೇ ಜಾಗದಲ್ಲೇ ಇರುವಂತೆ ಮಾಡಿದಳು. ಪೆಟ್ಟಿಗೆಯ ಬಾಲಕ್ಕೆ ಆಸರೆ ಬೇಕಿತ್ತು. ಕಾರಿನ ಅಡಿಯಲ್ಲಿ ಮೊದಲೇ ಇದ್ದ ತೂತುಗಳಿಗೆ ಹೊಂದುವಂತೆ ಹೊಸ ಅಡ್ಡಪಟ್ಟಿ ಮಾಡಿದಳು. ಹಿಂದಿನ ಗಾಲಿಗೆ ಹೋಗುವ ಉದ್ದ ಶಾಫ್ಟನ್ನು ತುಂಡು ಮಾಡುವ ಬದಲು ಬೇರೆಯದನ್ನೇ ತಂದು ಅಳತೆಗೆ ಕೊಯ್ದಳು. ಹಳೆಯದಕ್ಕೆ ಗ್ರೀಸು ಹಚ್ಚಿ, ಗೋಣಿಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಳು. ಅಪ್ಪನಿಗೆ ಕೊಟ್ಟ ಮಾತನ್ನು ಅವಳು ಯಾರೂ ನೋಡದ ಮೂಲೆಯಲ್ಲೂ ಪಾಲಿಸುತ್ತಿದ್ದಳು. ಅದನ್ನು ನೋಡಿ ನನಗೆ ಅವಳ ಮೇಲಿದ್ದ ಪ್ರೀತಿ ಬೇರೆಯದೇ ಏನೋ ಆಯಿತು. ಗೌರವ ಅನ್ನಬಹುದು.

ಅಲ್ಯೂಮಿನಿಯಂ ಪ್ಲೇಟು ಕೊಯ್ಯಲು ಅಣ್ಣನ ಲೇಥು ಸಣ್ಣದಾಯಿತು. ಹಿರೇಕೆರೂರಿನಲ್ಲಿ ವೈನಿಯ ಸಹಪಾಠಿಯೊಬ್ಬರ ವರ್ಕ್‌ಶಾಪಿನಲ್ಲಿ ದೊಡ್ಡ ಮಶೀನು ಇತ್ತು. ವೈನಿ, ನಾನು ಇಬ್ಬರೂ ಬಸ್ಸಿನಲ್ಲಿ ಹೋದೆವು. ಕೆಲಸ ಮುಗಿಸಿ ಮರಳುವಾಗ ಪ್ಲೇಟನ್ನು ಹಳೇ ಸೀರೆಯಲ್ಲಿ ಸುತ್ತಿ ವೈನಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಕಂಡಕ್ಟರು ಟಿಕೆಟ್ ಹರಿಯುತ್ತ, ಇಷ್ಟು ದೊಡ್ಡ ರೊಟ್ಟಿ ಹಂಚು ಎಲ್ಲಿ ಸಿಗತೈತ್ರಿ ಅಂತ ಕೇಳಿದ. ಮನ್ಯಾಗ ಮಂದಿ ಬಾಳ ಅದಾರ್ರಿ ಅಂತ ವೈನಿ ಗಂಭೀರವಾಗಿಯೇ ಹೇಳಿದಳು.

ತಿಳವಳ್ಳಿ ದಾಟಿದ ಮೇಲೆ ನಾನು, ನನ್ನ ಸಲುವಾಗಿ ಎಷ್ಟು ತ್ರಾಸು ತಗೊಳ್ಳಾಕತ್ತಿ ವೈನಿ ಅಂದೆ. ಅವಳು ತೊಡೆಯ ಮೇಲಿನ ಪ್ಲೇಟನ್ನು ಸರಿಮಾಡಿಕೊಂಡಳು.

"ನಿನ್ನ ಸಲುವಾಗಿ ಅಂತ ಅಷ್ಟೇ ತಿಳಕೋಬ್ಯಾಡ," ಅಂದಳು. "ಇಷ್ಟು ವರ್ಷ ಮುರದದ್ದನ್ನ ಮೊದಲಿನಂಗ ಮಾಡಿಕೊಡೋದ ಆತು. ಎಲ್ಲೂ ಇಲ್ಲದ್ದೊಂದು ನಾನ ವಿಚಾರ ಮಾಡಿ ಮಾಡಬೇಕು ಅಂತ ಬಾಳ ಆಸೆ ಇತ್ತು. ನಿನ್ನ ಕಾಲು ನನಗ ಒಂದು ನೆವ."

ಆ ಮಾತು ಕೇಳಿ ನನ್ನ ಮನಸ್ಸು ಹಗುರಾಯಿತು. ಯಾರೋ ನನಗೆ ಉಪಕಾರ ಮಾಡುತ್ತಿದ್ದಾರೆ ಅನ್ನುವ ಭಾರ ಹುಟ್ಟಿದಾಗಿನಿಂದ ಹೊತ್ತವಳು ನಾನು. ಅವತ್ತು ನಾನು ಒಬ್ಬ ಕೆಲಸಗಾರ್ತಿಯ ಪಕ್ಕದಲ್ಲಿ ಕುಳಿತಿದ್ದೆ. ಅವಳ ಕೆಲಸಕ್ಕೆ ನಾನು ಬೇಕಾಗಿದ್ದೆ.

ಪ್ಲೇಟು ಎಂಜಿನ್ನಿನ ಬೆನ್ನಿಗೆ ಚೆನ್ನಾಗಿ ಕುಳಿತಿತು. ಬೋಲ್ಟುಗಳೆಲ್ಲ ತಮ್ಮ ಜಾಗಕ್ಕೆ ಹೊಕ್ಕವು. ಅಣ್ಣ ಪೆಟ್ಟಿಗೆ ಎತ್ತಲು ಸರಪಳಿ ಕಟ್ಟುತ್ತಿದ್ದ. ವೈನಿ ತಡೆದು, ಎಂಜಿನ್ನಿನ ಶಾಫ್ಟಿಗೆ ಡಯಲ್ ಗೇಜು ಕಟ್ಟಿದಳು. ಗಡಿಯಾರದಂತೆ ಮುಳ್ಳಿರುವ ಅಳತೆಯ ಸಾಧನ ಅದು. ಅದರ ತುದಿಯನ್ನು ಪ್ಲೇಟಿನ ನಡುವಿನ ದುಂಡು ಬಾಯಿಯ ಅಂಚಿಗೆ ತಾಗಿಸಿ ಶಾಫ್ಟನ್ನು ಕೈಯಿಂದ ತಿರುಗಿಸಬೇಕು. ನಡು ಸರಿಯಿದ್ದರೆ ಮುಳ್ಳು ಅಲುಗಬಾರದು. ಅದು ಒಂದು ಕಡೆ ಹೋಯಿತು, ಅರ್ಧ ಸುತ್ತಿಗೆ ಇನ್ನೊಂದು ಕಡೆ ಬಂತು.

ಅಣ್ಣ ಬಗ್ಗಿ ನೋಡಿ, ಇಷ್ಟಕ್ಕ ಏನೂ ಆಗಂಗಿಲ್ಲ, ಓಡತೈತಿ ಅಂದ. ಅವನಿಗೂ ದಣಿವಾಗಿತ್ತು, ವರ್ಕ್‌ಶಾಪಿನ ಬೇರೆ ಕೆಲಸಗಳು ನಿಂತಿದ್ದವು.

"ಇವತ್ತು ಓಡತೈತಿ," ಅಂದಳು ವೈನಿ. "ನಾಳೆ ಹಾನಗಲ್ ದಾರ್ಯಾಗ ನಿಂತ್ರ ನೀವು ಇಳದು ನಡಕೊಂಡು ಬರ್ತೀರಿ. ಇಕಿ ಏನು ಮಾಡಬೇಕು?"

ಅಣ್ಣ ಸರಪಳಿ ಬಿಚ್ಚಿಟ್ಟ. ವೈನಿ ಪ್ಲೇಟು ಇಳಿಸಿ ಮತ್ತೆ ಅಳೆದಳು. ಪ್ಲೇಟಿನಲ್ಲಿ ತಪ್ಪಿರಲಿಲ್ಲ. ಎಂಜಿನ್ನಿನ ಬೆನ್ನಿಗೆ ಅಂಟಿಕೊಂಡ ಉಕ್ಕಿನ ತಗಡೊಂದಿದೆ. ಅದರಲ್ಲಿ ಜಾಗ ಹಿಡಿದು ನಿಲ್ಲಿಸುವ ಎರಡು ಗೂಟದಂಥ ಪಿನ್ನುಗಳಿವೆ. ವೈನಿ ನಡುವನ್ನು ಲೆಕ್ಕ ಹಾಕಿದ್ದು ಆ ಪಿನ್ನುಗಳಿಂದ. ಪಿನ್ನುಗಳೇ ಸರಿದ ಜಾಗದಲ್ಲಿದ್ದವು. ಯಾಕೆ ಅನ್ನುವುದು ತಿಳಿಯಲಿಲ್ಲ. ಇನ್ನು ಉಳಿದಿದ್ದು ಒಂದೇ ದಾರಿ: ಆ ತಗಡಿನಲ್ಲಿ ಬೇರೆ ಜಾಗಕ್ಕೆ ಎರಡು ಹೊಸ ಪಿನ್ನು ಕೂಡಿಸುವುದು. ಅಂದರೆ ಎರಡು ತೂತು.

ಅಣ್ಣ, ಅಪ್ಪಗ ಹೇಳೋದು ಬ್ಯಾಡ, ಒಳಗಿನ ತಗಡು ಯಾರಿಗೆ ಕಾಣತೈತಿ ಅಂದ. ನನಗೂ ಅದೇ ಸರಿ ಅನಿಸಿತ್ತು. ವೈನಿ ಕೈ ತೊಳೆದುಕೊಂಡು ಚಹಾ ಮಾಡಿದಳು. ಎರಡು ಕಪ್ಪು ಹಿಡಿದು ಒಳಗೆ, ಅಪ್ಪನ ಹತ್ತಿರ ಹೋದಳು. ನಾನು ಬಾಗಿಲ ಬಳಿ ನಿಂತೆ.

ಅವಳು ತೂತಿನ ಮಾತನ್ನು ಮೊದಲಿಗೆ ಎತ್ತಲಿಲ್ಲ. ಈ ಗಾಡಿಯ ಎಂಜಿನ್ ಯಾವಾಗಾದರೂ ಇಳಿಸಿದ್ದಿರೇನು, ಎಲ್ಲಿ, ಯಾಕೆ ಅಂತ ಕೇಳಿದಳು. ಅಪ್ಪ ಮೊದಲು ಬಿಗುವಾಗಿಯೇ ಇದ್ದ. ಆಮೇಲೆ ಚಹಾ ಕುಡಿಯುತ್ತ ಒಂದೊಂದಾಗಿ ಬಿಚ್ಚತೊಡಗಿದ. ಬಂಕಾಪುರದ ಹತ್ತಿರ ಒಮ್ಮೆ ಲಾರಿಯೊಂದು ಮುಂದಿನಿಂದ ಗುದ್ದಿತ್ತಂತೆ. ಅಪ್ಪನಿಗೆ ಗಾಯವಾಗಲಿಲ್ಲ, ಎಂಜಿನ್ ಜಾಗ ಬಿಟ್ಟು ಹಿಂದೆ ಬಂದಿತ್ತು. ದಾರಿಬದಿಯ ಗ್ಯಾರೇಜಿನವರು ಅದನ್ನು ಇಳಿಸಿ, ಬೆನ್ನಿನ ತಗಡು ಬಾಗಿದ್ದರಿಂದ ಬೇರೊಂದು ಗಾಡಿಯ ತಗಡು ತಂದು, ತೂತುಗಳನ್ನು ಅರದಿಂದ ಉಜ್ಜಿ ಅಗಲ ಮಾಡಿ ಕೂಡಿಸಿದ್ದರು. ಮದುವೆಯ ಸೀಜನ್ನು, ಬೇಗ ಬೇಕಿತ್ತು. ಎರಡನೇ ಗೇರು ಜಿಗಿಯಲು ಶುರುವಾದದ್ದು ಅಲ್ಲಿಂದಲೇ ಅಂತ ಅಪ್ಪ ತಾನೇ ಹೇಳಿದ. ಇಷ್ಟು ವರ್ಷ ಅದು ಅವನಿಗೆ ಹೊಳೆದಿರಲಿಲ್ಲ.

ಆಗ ವೈನಿ ಎರಡು ತೂತು ಬೇಕಾಗಿದೆ ಅಂತ ಹೇಳಿದಳು. ಕೊಟ್ಟ ಮಾತು ತಪ್ಪಬೇಕಾಗುತ್ತದೆ, ನೀವು ಬೇಡ ಅಂದರೆ ಹಳೇ ಗೇರೇ ರಿಪೇರಿ ಮಾಡಿ ಏರಿಸುತ್ತೇನೆ ಅಂದಳು. ಅವಳ ದನಿಯಲ್ಲಿ ಹೆದರಿಕೆಯೂ ಇರಲಿಲ್ಲ, ಓಲೈಕೆಯೂ ಇರಲಿಲ್ಲ.

ಅಪ್ಪ ಕಪ್ಪನ್ನು ಕೆಳಗಿಟ್ಟ. "ಆ ತಗಡು ನನ್ನ ಗಾಡೀದ ಅಲ್ಲ ಬಿಡವ್ವಾ," ಅಂದ. "ಅದಕ್ಕ ಬೇಕಾದಷ್ಟು ತೂತು ಹಾಕು."

ಹೇಳಿ, ಎದ್ದು, ಗೋಡೆ ಹಿಡಿದು ವರ್ಕ್‌ಶಾಪಿಗೆ ನಡೆದು ಬಂದ. ಕಾರಿನ ಪಕ್ಕ ಸ್ಟೂಲು ಹಾಕಿಸಿಕೊಂಡು ಕುಳಿತ. ವೈನಿ ಪ್ಲೇಟಿನ ಬೋಲ್ಟಿನ ತೂತುಗಳನ್ನು ಕೊಂಚ ಅಗಲ ಮಾಡಿ, ಅದನ್ನು ಮತ್ತೆ ಕೂಡಿಸಿ, ಕಟ್ಟಿಗೆಯ ಸುತ್ತಿಗೆಯಿಂದ ಹಗುರಾಗಿ ತಟ್ಟುತ್ತ ಹೋದಳು. ತಟ್ಟುವುದು, ಶಾಫ್ಟು ತಿರುಗಿಸುವುದು, ಮುಳ್ಳು ನೋಡುವುದು. ಪಿನ್ನುಗಳನ್ನು ನಂಬದೆ, ಎಂಜಿನ್ನಿನ ಶಾಫ್ಟನ್ನೇ ನಡು ಅಂತ ಹಿಡಿದಿದ್ದಳು. ಅವಳ ಹಣೆಯ ಬೆವರು ಮೂಗಿನ ತುದಿಗೆ ಬಂದು ನಿಂತಿತ್ತು, ಒರೆಸಿಕೊಳ್ಳಲಿಲ್ಲ. ಕೊನೆಗೊಮ್ಮೆ ಶಾಫ್ಟು ಪೂರ್ತಿ ಸುತ್ತು ಬಂತು, ಮುಳ್ಳು ನಿದ್ದೆ ಹೋದಂತೆ ನಿಂತಿತ್ತು. ಮಂಜುಗಣ್ಣಿನ ಅಪ್ಪನಿಗೆ ಮುಳ್ಳು ಕಾಣುತ್ತಿರಲಿಲ್ಲ. ನಮ್ಮ ಮಾತು ನಿಂತದ್ದರಿಂದಲೇ ಗೊತ್ತಾಗಿ, ಬಂತೇನು ಅಂತ ಕೇಳಿದ. ವೈನಿ ಬೋಲ್ಟು ಬಿಗಿದು, ಹೊಸ ಪಿನ್ನುಗಳಿಗೆ ತೂತು ಹಾಕಿದಳು.

ಗೇರಿನ ಹಿಡಿಕೆಯನ್ನೂ ಅವಳು ಬದಲಿಸಲಿಲ್ಲ. ಸ್ಟೇರಿಂಗಿನ ಕೆಳಗಿದ್ದ ಅದೇ ಹಿಡಿಕೆಗೆ ಹೊಸ ಕಂಬಿಗಳನ್ನು ಜೋಡಿಸಿ, ಮುಂದಕ್ಕೆ, ಹಿಂದಕ್ಕೆ, ನಿಲ್ಲುವುದಕ್ಕೆ ಅಂತ ಹೊಂದಿಸಿದಳು. ನಾನು ಕಲಿಯುವ ಲೈಸೆನ್ಸು ತೆಗೆದುಕೊಂಡೆ. ಮೊದಲ ದಿನ ಬಂಕಾಪುರದ ಕಡೆ ಹೊರಟಾಗ ಅಪ್ಪ ಪಕ್ಕದಲ್ಲಿ, ಅಣ್ಣ ಹಿಂದೆ. ನಾನು ಬಲಗಾಲು ಒತ್ತಿದೆ. ಕಾರು ಒಂದು ಸಲ ಉಸಿರೆಳೆದುಕೊಂಡಂತೆ ಮಾಡಿ ಮುಂದೆ ಸಾಗಿತು. ಎಂಜಿನ್ನಿನ ಸದ್ದು ಏರುತ್ತ ಏರುತ್ತ, ಈಗ ಗೇರು ಬದಲಾಗಬೇಕು ಅಂತ ನನಗೆ ಅನಿಸಿದ ಗಳಿಗೆಯಲ್ಲೇ ತಾನಾಗಿ ಇಳಿಯಿತು. ಪಕ್ಕದಲ್ಲಿ ಅಪ್ಪನ ಎಡಗಾಲು ನೆಲವನ್ನು ಒತ್ತುತ್ತಿತ್ತು. ನಾನು ಅಳುತ್ತಿದ್ದೆ, ರಸ್ತೆ ಕಾಣುವಷ್ಟೇ ಅಳುತ್ತಿದ್ದೆ.

ವೈನಿ ಬಂದಿರಲಿಲ್ಲ. ಮರಳಿ ಬಂದಾಗ ಅವಳು ಚಾಪೆ ಹಾಸಿ ಕಾಯುತ್ತಿದ್ದಳು. ಕಾರು ನಿಂತ ಕೂಡಲೇ ಅದರ ಅಡಿಗೆ ಹೊಕ್ಕು, ಪ್ಲೇಟಿನ ಅಂಚಿಗೆ ಬೆರಳಾಡಿಸಿ, ಒಣ ಬೆರಳನ್ನು ನಮಗೆ ತೋರಿಸಿದಳು. ಆರ್‌ಟಿಒ ತಪಾಸಣೆಯ ದಿನ ಅಧಿಕಾರಿ ಬಗ್ಗಿ ನೋಡಿ, ಇದು ಎಲ್ಲಿ ಮಾಡಿಸಿದ್ದು ಅಂತ ವಿಚಾರಿಸಿದಾಗ ಅವಳು ಕೆಳಗೆ ಕುಳಿತು ಒಂದೊಂದನ್ನೇ ತೋರಿಸಿದಳು. ಅವರು ಬಹಳ ಹೊತ್ತು ಕೇಳಿಸಿಕೊಂಡು, ಕೊನೆಗೆ ತಮ್ಮ ಕಚೇರಿಯ ಇಬ್ಬರನ್ನು ಕರೆದು ಅವರಿಗೂ ತೋರಿಸಿದರು.

ಈಗ ನಾನು ಶಾಲೆಗೆ ಆ ಕಾರಿನಲ್ಲೇ ಹೋಗುತ್ತೇನೆ. ಹಳ್ಳಿಯ ದಾರಿಯಲ್ಲಿ ಶಾಲೆಯ ಮಕ್ಕಳು ಹತ್ತಿಕೊಳ್ಳುತ್ತಾರೆ. ಸೂಟಿ ಬಂದರೆ ಶಿಗ್ಗಾವಿಗೆ ಹೊರಡುತ್ತೇನೆ. ಹೋದಸಲ ಹೋದಾಗ ತಿಳಿದದ್ದೇನೆಂದರೆ, ವೈನಿಗೆ ಕಾರು ಹೊಡೆಯಲು ಬರುವುದಿಲ್ಲ. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ನಾನೇ ಕಲಿಸುತ್ತೇನೆ ಅಂದೆ. ಅವಳಿಗೂ ಕಲಿಯುವ ಲೈಸೆನ್ಸು ಮಾಡಿಸಿ, ಬಂಕಾಪುರದಲ್ಲಿ ಕೋಟೆಯ ಕಡೆಗಿನ ಖಾಲಿ ದಾರಿಗೆ ಕರೆದುಕೊಂಡು ಹೋದೆ.

ಅವಳಷ್ಟು ಕೆಟ್ಟ ವಿದ್ಯಾರ್ಥಿಯನ್ನು ನಾನು ಕಂಡಿಲ್ಲ. ರಸ್ತೆ ನೋಡುವುದೇ ಇಲ್ಲ. ತಲೆ ಒಂದು ಕಡೆ ವಾಲಿಸಿ ಕೆಳಗಿನ ಸದ್ದು ಕೇಳುತ್ತ ಕೂರುತ್ತಾಳೆ. ಒಂದು ನವಿಲು ನಿಧಾನವಾಗಿ ರಸ್ತೆಗೆ ಇಳಿಯಿತು. ನಾನು "ವೈನಿ, ಬ್ರೇಕು" ಅಂದೆ. ಕಾರು ನಿಂತಿತು. ನವಿಲು ನಮ್ಮ ಕಡೆ ನೋಡಿ, ಬಾಲ ಎಳೆದುಕೊಂಡು ಆಚೆಯ ಜಾಲಿಗಿಡದ ಮರೆಗೆ ಹೋಯಿತು. ವೈನಿ ಅದನ್ನು ನೋಡಿದಳೋ ಇಲ್ಲವೋ ಗೊತ್ತಿಲ್ಲ.

"ಮೂರನೇ ಗೇರಿಗೆ ಬೀಳೂಮುಂದ ಸ್ವಲ್ಪ ತಡ ಮಾಡತೈತಿ," ಅಂದಳು. "ಮನಿಗೆ ಹೋದ ಮ್ಯಾಲೆ ನೋಡ್ತೇನಿ. ಈಗ ಹೇಳು, ಮುಂದ ಏನು ಮಾಡಬೇಕು?"

ಬಲಗಾಲು ಹಗುರಾಗಿ ಒತ್ತು, ಕಣ್ಣು ಮುಂದೆ ಇರಲಿ ಅಂದೆ. ಅವಳು ಸೆರಗು ಬಿಗಿದುಕೊಂಡು, ಎರಡೂ ಕೈಯಿಂದ ಸ್ಟೇರಿಂಗ್ ಹಿಡಿದಳು.